ಗ್ರೀಸಿನ ರಾಜಕುಮಾರಿ ಆಲಿಸ್

ಭಾರತದ ಸ್ವಾತಂತ್ರ್ಯದ ಇತಿಹಾಸವನ್ನು ಓದಿದ ನಮ್ಮ ವಿದ್ಯಾರ್ಥಿಗಳಲ್ಲಿ ಲಾರ್ಡ್ ಮೌಂಟ್‌ಬ್ಯಾಟನ್ನರ ಹೆಸರನ್ನು ಕೇಳದವರಿಲ್ಲ. 1947ರಲ್ಲಿ ಬ್ರಿಟಿಷರ ಕೊನೆಯ ವೈಸರಾಯರಾಗಿ ದಿಲ್ಲಿಗೆ ಬಂದು, ಆಳ್ವಿಕೆಯನ್ನು ನಮ್ಮ ನಾಯಕರ ಕೈಗೆ ಒಪ್ಪಿಸಿದವರು ಅವರು. ಇಂಗ್ಲೆಂಡಿನ ರಾಣಿ ಎರಡನೆಯ ಎಲಿಜಬೆತ್ತಳ ಪತಿಯಾಗಿದ್ದ ಫಿಲಿಪ್ ರಾಜಕುಮಾರನ ಹೆಸರೂ ಬಹುಮಂದಿಗೆ ಗೊತ್ತು. ಮೌಂಟ್‌ಬ್ಯಾಟನ್ನರ ಹಿರಿಯ ಅಕ್ಕನೂ ಫಿಲಿಪನ ತಾಯಿಯೂ ಆದ ರಾಜಕುಮಾರಿ ಆಲಿಸಳ ಹೆಸರು ಯೂರೋಪಿನಲ್ಲಿ ಪ್ರಸಿದ್ಧವಾದುದು. ಆದರೆ ಆಕೆಯ ಬಾಳಿನ ವೃತ್ತಾಂತವನ್ನು ಕನ್ನಡದಲ್ಲಿ ಓದಿದವರು ವಿರಳ. ಅರಮನೆಯಲ್ಲಿ ಹುಟ್ಟಿ, ತನ್ನದೆಂಬ ಆಸ್ತಿಯೇನನ್ನೂ ಉಳಿಸದೆ ತೀರಿಕೊಂಡ ಈ ಮಹಿಳೆಯ ಬಾಳಿನಲ್ಲಿ ಯುದ್ಧ, ದೇಶಭ್ರಷ್ಟತೆ, ರೋಗ, ಸಂತಾನಶೋಕ ಎಲ್ಲವೂ ಒಂದರ ಹಿಂದೊಂದು ಬಂದವು. ಅವನ್ನೆಲ್ಲ ಅನುಭವಿಸಿದ ಮೇಲೆ, ಐವತ್ತೆಂಟರ ವಯಸ್ಸಿನಲ್ಲಿ ಆಕೆ ಮಾಡಿದ ಒಂದು ಕಾರ್ಯಕ್ಕಾಗಿ ಜಗತ್ತು ಆಕೆಯನ್ನು ಇಂದಿಗೂ ಸ್ಮರಿಸುತ್ತದೆ. ಆ ಕಾರ್ಯದ ಬೆಲೆಯನ್ನು ಅರಿಯಬೇಕಾದರೆ ಆಕೆಯ ಜೀವನವನ್ನು ಮೊದಲಿನಿಂದ ನೋಡಬೇಕು.

ಆಲಿಸ್ 1885ನೆಯ ಇಸವಿ ಫೆಬ್ರವರಿ 25ರಂದು ಇಂಗ್ಲೆಂಡಿನ ವಿಂಡ್ಸರ್ ಅರಮನೆಯಲ್ಲಿ ಜನಿಸಿದಳು. ಹೆರಿಗೆಯ ವೇಳೆಯಲ್ಲಿ ವಿಕ್ಟೋರಿಯಾ ಮಹಾರಾಣಿ ತಾನೇ ಅಲ್ಲಿದ್ದಳು. ಮಗುವು ಮಹಾರಾಣಿಗೆ ಮಗಳ ಮಗಳ ಮಗಳು. ತಂದೆ ಬ್ಯಾಟನ್‌ಬರ್ಗಿನ ಲೂಯಿ ರಾಜಕುಮಾರ. ಜರ್ಮನ್ ಮನೆತನದವನಾದರೂ ಹದಿನಾಲ್ಕನೆಯ ವಯಸ್ಸಿನಲ್ಲೇ ಬ್ರಿಟಿಷ್ ನೌಕಾಪಡೆಯನ್ನು ಸೇರಿ, ಮುಂದೆ ಅದರ ಅತ್ಯುಚ್ಚ ಅಧಿಕಾರಿಯಾದವನು. ತಾಯಿ ಜರ್ಮನಿಯ ಹೆಸ್ಸೆ ಸಂಸ್ಥಾನದ ರಾಜಪುತ್ರಿ ವಿಕ್ಟೋರಿಯಾ. ಈ ದಂಪತಿಗಳಿಗೆ ನಾಲ್ವರು ಮಕ್ಕಳು. ಆಲಿಸ್ ಹಿರಿಯಳು, ಎರಡನೆಯವಳು ಲೂಯಿಸ್, ಮುಂದೆ ಸ್ವೀಡನ್ನಿನ ರಾಣಿಯಾದವಳು, ಮೂರನೆಯವನು ಜಾರ್ಜ್, 1900ರಲ್ಲಿ ಹುಟ್ಟಿದ ಕಿರಿಯವನೇ ನಮ್ಮ ಇತಿಹಾಸದ ಮೌಂಟ್‌ಬ್ಯಾಟನ್. ತಾಯಿಯ ತಂಗಿಯರಲ್ಲಿ ಇಬ್ಬರು ರಷ್ಯಾದ ರಾಜಮನೆತನಕ್ಕೆ ಸೊಸೆಯರಾಗಿ ಹೋದರು. ಅವರಲ್ಲಿ ಎಲಿಜಬೆತ್ ಎಂಬಾಕೆಯು ಆಲಿಸಳ ಬಾಳಿಗೆ ದಾರಿ ತೋರಿಸಿದವಳು. ಕಿರಿಯಳಾದ ಅಲಿಕ್ಸ್ ರಷ್ಯಾದ ಕೊನೆಯ ಚಕ್ರವರ್ತಿನಿ. ಅಂದಿನ ಯೂರೋಪಿನಲ್ಲಿ ರಾಜಕುಟುಂಬಗಳೆಲ್ಲ ಒಂದಕ್ಕೊಂದು ಬೀಗರು. ಒಂದೇ ಮನೆಯ ಅಕ್ಕತಂಗಿಯರು ಬೇರೆಬೇರೆ ದೇಶಗಳ ಅರಮನೆಗಳಲ್ಲಿದ್ದರು. ದೇಶದೇಶಗಳ ನಡುವೆ ಯುದ್ಧವಾದಾಗ ಈ ಬಾಂಧವ್ಯವೇ ಸಂಕಟಕ್ಕೆ ಕಾರಣವಾದುದನ್ನು ಮುಂದೆ ಕಾಣುವೆವು.

ಮಗು ಬೆಳೆದಂತೆ ತಾಯಿಗೆ ಒಂದು ಚಿಂತೆ ಹತ್ತಿತು. ಇತರ ಮಕ್ಕಳು ಮಾತನಾಡುವ ವಯಸ್ಸಿನಲ್ಲಿ ಆಲಿಸಳ ಬಾಯಿಂದ ಮಾತು ಹೊರಡಲು ತಡವಾಯಿತು. ಹೊರಟ ಮಾತೂ ಸ್ಪಷ್ಟವಾಗಿರಲಿಲ್ಲ. ತಂದೆಯ ತಾಯಿಯು ಮಗುವನ್ನು ಜರ್ಮನಿಯ ಡಾರ್ಮ್‌ಸ್ಟಾಟ್ ನಗರದಲ್ಲಿದ್ದ ಕಿವಿಯ ವೈದ್ಯನೊಬ್ಬನ ಬಳಿಗೆ ಕರೆದೊಯ್ದಳು. ಮಗುವಿಗೆ ಹುಟ್ಟುಕಿವುಡು ಎಂದು ಆಗ ತಿಳಿದುಬಂದಿತು. ಕನ್ನಡದ ಕಿವಿಗೆ ಆಲಿಸ್ ಎಂಬ ಹೆಸರು ಕೇಳು ಎಂಬರ್ಥದ ನಮ್ಮ ಮಾತಿನಂತೆಯೇ ಕೇಳಿಸುತ್ತದೆ. ಆ ಹೆಸರಿನ ಹುಡುಗಿಗೆ ಶ್ರವಣಶಕ್ತಿಯೇ ಇಲ್ಲದೆ ಹೋದುದು ವಿಧಿಯ ವಿಪರ್ಯಾಸವಲ್ಲದೆ ಮತ್ತೇನು?

ತಾಯಿ ವಿಕ್ಟೋರಿಯಾ ಎದೆಗುಂದಲಿಲ್ಲ. ಮಗಳನ್ನು ಮರುಕದ ವಸ್ತುವನ್ನಾಗಿ ಮೂಲೆಯಲ್ಲಿ ಕೂರಿಸಲೂ ಇಲ್ಲ. ಆಡುವವರ ತುಟಿಗಳ ಚಲನೆಯನ್ನು ನೋಡಿ ಮಾತನ್ನು ಅರಿಯುವ ವಿದ್ಯೆಯನ್ನು ತಾನೇ ಮುಂದೆ ನಿಂತು ಮಗಳಿಗೆ ಕಲಿಸಿದಳು. ಹೀಗೆ ಆಲಿಸ್ ಮೊದಲು ಇಂಗ್ಲಿಷ್, ಜರ್ಮನ್ ಭಾಷೆಗಳನ್ನೂ, ಮುಂದೆ ಫ್ರೆಂಚನ್ನೂ, ಮದುವೆ ನಿಶ್ಚಯವಾದ ಮೇಲೆ ಗ್ರೀಕ್ ಭಾಷೆಯನ್ನೂ ಕಲಿತಳು. ಒಂದು ಭಾಷೆಯನ್ನು ಕಿವಿಯಿಂದ ಕೇಳಿ ಕಲಿಯುವುದೇ ಎಷ್ಟು ಕಷ್ಟವೆಂಬುದನ್ನು ನಮ್ಮ ಶಾಲೆಯ ಮಕ್ಕಳು ಬಲ್ಲರು. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು, ಪುಸ್ತಕದಲ್ಲಿ ಮತ್ತೊಂದು ಎಂದು ಅವರು ನಿತ್ಯವೂ ತೊಳಲುತ್ತಾರೆ. ಈ ಹುಡುಗಿಯು ಒಂದು ಶಬ್ದವನ್ನೂ ಕೇಳದೆ, ಕೇವಲ ಕಣ್ಣಿನ ಬಲದಿಂದ ನಾಲ್ಕು ಭಾಷೆಗಳನ್ನು ಕೈವಶ ಮಾಡಿಕೊಂಡಳು. ತರಗತಿಯಲ್ಲಿ ಕರೆದರೂ ಓಗೊಡದ ಮಗುವನ್ನು ಮಂದಬುದ್ಧಿಯದೆಂದು ಜರೆಯುವುದು ಲೋಕದ ರೂಢಿ. ಅದು ಮಂದಬುದ್ಧಿಯೋ, ಇಲ್ಲವೆ ಕಿವಿಯ ದೋಷವೋ ಎಂದು ವಿಚಾರಿಸುವ ತಾಳ್ಮೆ ಹಿರಿಯರಿಗೆ ಇರಬೇಕು. ಆ ತಾಳ್ಮೆಯಿದ್ದ ತಾಯಿ ಆಲಿಸಳಿಗೆ ದೊರೆತುದು ಆಕೆಯ ಪುಣ್ಯ.

1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆಂದು ಯೂರೋಪಿನ ರಾಜಕುಟುಂಬಗಳು ಲಂಡನ್ನಿನಲ್ಲಿ ನೆರೆದಾಗ, ಗ್ರೀಸ್ ದೇಶದ ರಾಜಕುಮಾರ ಆಂಡ್ರೂ ಆಲಿಸಳನ್ನು ಕಂಡನು. ಅವನು ಗ್ರೀಸಿನ ದೊರೆ ಒಂದನೆಯ ಜಾರ್ಜನ ನಾಲ್ಕನೆಯ ಮಗ. ಆ ದೊರೆಯಾದರೂ ಮೂಲತಃ ಡೆನ್ಮಾರ್ಕಿನವನು. 1863ರಲ್ಲಿ ಗ್ರೀಕರು ಆರಿಸಿ ಸಿಂಹಾಸನಕ್ಕೆ ಕರೆತಂದ ರಾಜ. ಆಂಡ್ರೂ ಮತ್ತು ಆಲಿಸರ ವಿವಾಹವು 1903ರ ಅಕ್ಟೋಬರಿನಲ್ಲಿ ಡಾರ್ಮ್‌ಸ್ಟಾಟಿನಲ್ಲಿ ವೈಭವದಿಂದ ನಡೆಯಿತು. ರಷ್ಯಾದ ಚಕ್ರವರ್ತಿಯಾದ ಎರಡನೆಯ ನಿಕೊಲಸನೂ ಮದುವೆಗೆ ಬಂದಿದ್ದನು. ವಧುವಿಗೆ ಆಗ ಹದಿನೆಂಟು ವರ್ಷ. ಹೀಗೆ ಆಲಿಸ್ ಗ್ರೀಸಿನ ಸೊಸೆಯಾಗಿ ಅಥೆನ್ಸ್ ನಗರಕ್ಕೆ ಬಂದಳು. ಕಾಲಾನುಕ್ರಮದಲ್ಲಿ ಮಾರ್ಗರಿಟಾ, ಥಿಯೊಡೋರಾ, ಸಿಸಿಲಿ, ಸೋಫಿ ಎಂಬ ನಾಲ್ವರು ಹೆಣ್ಣುಮಕ್ಕಳು ಹುಟ್ಟಿದರು.

ಈ ಸುಖದ ದಿನಗಳಲ್ಲಿ ಆಕೆಯ ಮನಸ್ಸಿಗೆ ನಾಟಿದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ರಷ್ಯಾದಲ್ಲಿದ್ದ ಚಿಕ್ಕಮ್ಮ ಎಲಿಜಬೆತ್ತಳ ಪತಿಯು 1905ರಲ್ಲಿ ಮಾಸ್ಕೋ ನಗರದಲ್ಲಿ ಬಾಂಬಿಗೆ ಬಲಿಯಾದನು. ವಿಧವೆಯಾದ ಎಲಿಜಬೆತ್ ತನ್ನ ಒಡವೆಗಳನ್ನೆಲ್ಲ ತ್ಯಜಿಸಿ, ಬಡರೋಗಿಗಳ ಶುಶ್ರೂಷೆಗಾಗಿ ಮಾರ್ಥಾ ಮತ್ತು ಮೇರಿ ಎಂಬ ಸಂತಸ್ತ್ರೀಯರ ಹೆಸರಿನಲ್ಲಿ ಸನ್ಯಾಸಿನಿಯರ ಆಶ್ರಮವೊಂದನ್ನು 1909ರಲ್ಲಿ ಸ್ಥಾಪಿಸಿದಳು. ಅದಕ್ಕೆ ಒಂದು ವರ್ಷ ಮೊದಲು ಆಲಿಸ್ ರಷ್ಯಾಕ್ಕೆ ಹೋಗಿದ್ದಾಗ, ಚಿಕ್ಕಮ್ಮನು ತನ್ನ ಸಂಕಲ್ಪವನ್ನು ಆಕೆಗೆ ವಿವರಿಸಿದಳು. ಆಶ್ರಮದ ದೇವಾಲಯಕ್ಕೆ ಅಸ್ತಿವಾರದ ಕಲ್ಲಿಟ್ಟ ಸಮಾರಂಭದಲ್ಲಿಯೂ ಆಲಿಸ್ ಇದ್ದಳು. ಅಂದು ಬಿದ್ದ ಬೀಜವು ಮೊಳೆಯಲು ನಾಲ್ವತ್ತು ವರ್ಷ ಬೇಕಾಯಿತು.

1912ರಲ್ಲಿ ಬಾಲ್ಕನ್ ಯುದ್ಧ ಆರಂಭವಾಯಿತು. ಪತಿಯು ಸೇನೆಯಲ್ಲಿ ಯುದ್ಧಭೂಮಿಗೆ ಹೊರಟನು. ಆಲಿಸ್ ಅರಮನೆಯಲ್ಲಿ ಕುಳಿತುಕೊಳ್ಳದೆ, ದಾದಿಯಾಗಿ ರಣರಂಗದ ಆಸ್ಪತ್ರೆಗಳಿಗೆ ಹೋದಳು. ಗಾಯಾಳುಗಳ ಹುಣ್ಣುಗಳನ್ನು ತೊಳೆದು ಕಟ್ಟುವುದು, ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರಿಗೆ ನೆರವಾಗುವುದು, ಹೊಸ ಆಸ್ಪತ್ರೆಗಳನ್ನು ಸಜ್ಜುಗೊಳಿಸುವುದು ಇವೇ ಆಕೆಯ ದಿನಚರಿಯಾದವು. ಈ ಸೇವೆಗಾಗಿ ಬ್ರಿಟಿಷ್ ದೊರೆ ಐದನೆಯ ಜಾರ್ಜನು 1913ರಲ್ಲಿ ಆಕೆಗೆ ರಾಯಲ್ ರೆಡ್‌ಕ್ರಾಸ್ ಪದಕವನ್ನಿತ್ತು ಗೌರವಿಸಿದನು. ಆದರೆ ಅದೇ ವರ್ಷದ ಮಾರ್ಚಿಯಲ್ಲಿ ಮಾವನಾದ ಗ್ರೀಸಿನ ದೊರೆಯು ಸೆಲೋನಿಕಾ ಪಟ್ಟಣದಲ್ಲಿ ಹಂತಕನ ಗುಂಡಿಗೆ ತುತ್ತಾದನು. ಅಲ್ಲಿಂದಾಚೆಗೆ ಆ ಕುಟುಂಬಕ್ಕೆ ನೆಮ್ಮದಿಯೆಂಬುದು ಇಲ್ಲವಾಯಿತು.

1914ರಲ್ಲಿ ಮೊದಲನೆಯ ಮಹಾಯುದ್ಧ ಬಂದಿತು. ನೌಕಾಪಡೆಗಾಗಿ ಜೀವವನ್ನೇ ತೇಯ್ದಿದ್ದ ಆಲಿಸಳ ತಂದೆಯು ಜರ್ಮನ್ ರಕ್ತದವನೆಂಬ ಏಕೈಕ ಕಾರಣದಿಂದ ಜನರ ಸಂಶಯಕ್ಕೆ ಗುರಿಯಾಗಿ ಅಧಿಕಾರವನ್ನು ಬಿಟ್ಟುಕೊಡಬೇಕಾಯಿತು. 1917ರಲ್ಲಿ ಮನೆತನದ ಹೆಸರನ್ನೇ ಬದಲಿಸಬೇಕಾಯಿತು. ಜರ್ಮನ್ ಭಾಷೆಯಲ್ಲಿ ಬರ್ಗ್ ಎಂದರೆ ಬೆಟ್ಟ. ಅದನ್ನು ಇಂಗ್ಲಿಷಿಗೆ ತಿರುಗಿಸಿದಾಗ ಬ್ಯಾಟನ್‌ಬರ್ಗ್ ಎಂಬುದು ಮೌಂಟ್‌ಬ್ಯಾಟನ್ ಆಯಿತು. ನಮ್ಮ ಪಠ್ಯಪುಸ್ತಕದಲ್ಲಿ ಕಾಣುವ ಹೆಸರು ಹುಟ್ಟಿದ ಬಗೆ ಇದು. ಅತ್ತ ಗ್ರೀಸಿನಲ್ಲಿ ಹೊಸ ದೊರೆ ಕಾನ್‌ಸ್ಟಂಟೈನನು ಯುದ್ಧದಿಂದ ದೂರವಿರಲು ಬಯಸಿದುದರಿಂದ ಮಿತ್ರರಾಷ್ಟ್ರಗಳ ಕೋಪಕ್ಕೆ ಪಾತ್ರನಾಗಿ 1917ರಲ್ಲಿ ದೇಶವನ್ನು ತೊರೆದನು. ಅವನ ತಮ್ಮನಾದ ಆಂಡ್ರೂವೂ ಹೆಂಡತಿಮಕ್ಕಳೊಡನೆ ಸ್ವಿಟ್ಜರ್ಲೆಂಡನ್ನು ಸೇರಿದನು. ಮರುವರ್ಷ 1918ರ ಜುಲೈಯಲ್ಲಿ ರಷ್ಯಾದಿಂದ ಘೋರವಾರ್ತೆ ಬಂದಿತು. ಕ್ರಾಂತಿಕಾರರು ಚಕ್ರವರ್ತಿನಿಯಾಗಿದ್ದ ಚಿಕ್ಕಮ್ಮ ಅಲಿಕ್ಸಳನ್ನು ಪತಿ ಮತ್ತು ಐವರು ಮಕ್ಕಳೊಡನೆ ಕೊಂದಿದ್ದರು. ಅದರ ಮರುದಿನವೇ, ರೋಗಿಗಳ ಸೇವೆಯಲ್ಲಿ ಬಾಳನ್ನು ಸವೆಸಿದ ಎಲಿಜಬೆತ್ತಳನ್ನೂ ಕೊಂದಿದ್ದರು. ಎಲಿಜಬೆತ್ತಳ ದೇಹವನ್ನು ನಿಷ್ಠಾವಂತರು ಚೀನಾದ ಮಾರ್ಗವಾಗಿ ಜೆರೂಸಲೇಮಿಗೆ ಸಾಗಿಸಿ, 1921ರಲ್ಲಿ ಆಲಿವ್ ಬೆಟ್ಟದ ಮಗ್ಗುಲಲ್ಲಿರುವ ಮೇರಿ ಮಗ್ದಲೀನಳ ದೇವಾಲಯದಲ್ಲಿ ಸಮಾಧಿ ಮಾಡಿದರು.

ಯುದ್ಧ ಮುಗಿದು ಕುಟುಂಬವು ಗ್ರೀಸಿಗೆ ಮರಳಿತು. 1921ರ ಜೂನ್ 10ರಂದು ಕಾರ್ಫು ದ್ವೀಪದಲ್ಲಿ ಐದನೆಯ ಮಗುವಾಗಿ ಫಿಲಿಪ್ ಹುಟ್ಟಿದನು. ಆದರೆ ಗ್ರೀಸ್ ಆಗ ತುರ್ಕಿಯೊಡನೆ ಯುದ್ಧದಲ್ಲಿ ತೊಡಗಿತ್ತು. 1922ರಲ್ಲಿ ಗ್ರೀಕ್ ಸೇನೆ ನುಚ್ಚುನೂರಾಯಿತು. ದಂಗೆಯೆದ್ದ ಸೇನಾಧಿಕಾರಿಗಳು ಸೋಲಿಗೆ ಹೊಣೆಗಾರರೆಂದು ಆರು ಮಂದಿ ಪ್ರಮುಖರನ್ನು ಗುಂಡಿಟ್ಟು ಕೊಂದರು. ಸೇನಾಪತಿಯಾಗಿದ್ದ ಆಂಡ್ರೂವೂ ಸೆರೆಯಾದನು; ಅವನ ತಲೆಯೂ ಉರುಳುವುದರಲ್ಲಿತ್ತು. ಕೊನೆಗೆ ಅವನನ್ನು ಗಡಿಪಾರು ಮಾಡಲಾಯಿತು. ಡಿಸೆಂಬರಿನಲ್ಲಿ ಬ್ರಿಟನ್ನಿನ ಕ್ಯಾಲಿಪ್ಸೊ ಎಂಬ ಯುದ್ಧನೌಕೆಯು ಬಂದು ಕುಟುಂಬವನ್ನು ಕರೆದೊಯ್ಯಿತು. ಒಂದೂವರೆ ವರ್ಷದ ಫಿಲಿಪನಿಗೆ ಕಿತ್ತಿಳೆ ಹಣ್ಣಿನ ಪೆಟ್ಟಿಗೆಯೇ ತೊಟ್ಟಿಲಾಯಿತು. ರಾಜಕುಟುಂಬವೊಂದು ಉಟ್ಟ ಬಟ್ಟೆಯಲ್ಲೆಂಬಂತೆ ದೇಶವನ್ನು ಬಿಟ್ಟು ಹೊರಟ ಪರಿ ಇದು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮಂಥವರಿಗೆ ಹಬ್ಬಕ್ಕಾದರೂ ಹಿಂದಿರುಗಲು ಒಂದು ಊರುಂಟು. ಅವರಿಗೆ ಅದೂ ಇರಲಿಲ್ಲ.

ಪ್ಯಾರಿಸ್ ನಗರದ ಹತ್ತಿರದ ಸೇಂಟ್ ಕ್ಲೂ ಎಂಬಲ್ಲಿ, ಬಂಧುಗಳು ಬಿಟ್ಟುಕೊಟ್ಟ ಮನೆಯಲ್ಲಿ ಅವರ ಸಂಸಾರ ನಡೆಯಿತು. ಆಲಿಸ್ ಅಲ್ಲಿ ಗ್ರೀಕ್ ನಿರಾಶ್ರಿತರ ಸಹಾಯಾರ್ಥವಾಗಿ ನಡೆಯುತ್ತಿದ್ದ ಅಂಗಡಿಯೊಂದರಲ್ಲಿ ದುಡಿದಳು. 1928ರಲ್ಲಿ ಆಕೆ ಗ್ರೀಕ್ ಆರ್ಥೊಡಾಕ್ಸ್ ಪಂಥವನ್ನು ಸ್ವೀಕರಿಸಿದಳು. ಅನಂತರ ಆಕೆಯ ಚಿತ್ತವು ಸ್ತಿಮಿತ ತಪ್ಪತೊಡಗಿತು. ತನಗೆ ದೈವವಾಣಿ ಕೇಳಿಸುತ್ತದೆಂದೂ, ತನ್ನ ಸ್ಪರ್ಶದಲ್ಲಿ ರೋಗ ಗುಣಪಡಿಸುವ ಶಕ್ತಿಯಿದೆಯೆಂದೂ ಹೇಳುವಂತಾದಳು. ವೈದ್ಯರು ಅದನ್ನು ತೀವ್ರವಾದ ಮಾನಸಿಕ ರೋಗವೆಂದು ನಿರ್ಧರಿಸಿದರು. ಪ್ರಖ್ಯಾತ ಮನೋವಿಜ್ಞಾನಿ ಸಿಗ್ಮಂಡ್ ಫ್ರಾಯ್ಡನ ಸಲಹೆಯನ್ನೂ ಕೇಳಲಾಯಿತು. 1930ರಲ್ಲಿ ಆಕೆಯನ್ನು, ಆಕೆಯ ಇಚ್ಛೆಗೆ ವಿರುದ್ಧವಾಗಿ, ಸ್ವಿಟ್ಜರ್ಲೆಂಡಿನ ಕ್ರೊಯ್ಟ್ಸ್‌ಲಿಂಗನ್ ಎಂಬಲ್ಲಿನ ಚಿಕಿತ್ಸಾಲಯದಲ್ಲಿ ಇರಿಸಿದರು. ಸಂಸಾರ ಚದರಿಹೋಯಿತು. ಪತಿಯು ಫ್ರಾನ್ಸಿನ ದಕ್ಷಿಣ ಕರಾವಳಿಯಲ್ಲಿ ನೆಲಸಿದನು. ಒಂಬತ್ತು ವರ್ಷವೂ ತುಂಬದ ಫಿಲಿಪನು ಇಂಗ್ಲೆಂಡಿನಲ್ಲಿ ಅಜ್ಜಿ ಮತ್ತು ಸೋದರಮಾವಂದಿರ ಆಶ್ರಯವನ್ನು ಸೇರಿ ವಸತಿಶಾಲೆಗಳಲ್ಲಿ ಬೆಳೆದನು. 1930ರ ಡಿಸೆಂಬರಿನಿಂದ 1931ರ ಆಗಸ್ಟ್‌ವರೆಗಿನ ಒಂಬತ್ತು ತಿಂಗಳಲ್ಲಿ ನಾಲ್ವರು ಹೆಣ್ಣುಮಕ್ಕಳಿಗೂ ಜರ್ಮನಿಯ ರಾಜಮನೆತನಗಳಲ್ಲಿ ವಿವಾಹವಾಯಿತು. ಹೆತ್ತ ತಾಯಿ ಒಂದು ಮದುವೆಯಲ್ಲಿಯೂ ಇರಲಿಲ್ಲ.

ಇಂತಹ ಸಂಗತಿಗಳನ್ನು ಜೀವನಚರಿತ್ರೆಗಳಲ್ಲಿ ಮರೆಮಾಚುವವರುಂಟು. ಮನಸ್ಸಿನ ರೋಗವೆಂದರೆ ಮನೆತನಕ್ಕೆ ಕಳಂಕವೆಂದು ಭಾವಿಸುವ ಅಭ್ಯಾಸ ಇನ್ನೂ ಅಳಿದಿಲ್ಲ. ಜ್ವರವು ದೇಹಕ್ಕೆ ಬರುವಂತೆ ರೋಗವು ಮನಸ್ಸಿಗೂ ಬರುತ್ತದೆ. ಬಂದ ರೋಗ ಹೋಗಲೂಬಹುದು. 1932ರಲ್ಲಿ ಬಿಡುಗಡೆ ಹೊಂದಿದ ಆಲಿಸ್ ಕೆಲವು ವರ್ಷ ತನ್ನ ಗುರುತನ್ನು ಮರೆಸಿಕೊಂಡು, ಸಾಧಾರಣ ವಸತಿಗೃಹಗಳಲ್ಲಿ ತಂಗುತ್ತ ಊರೂರು ತಿರುಗಿದಳು. ತಾಯಿಯೊಬ್ಬಳ ಹೊರತು ಬೇರಾರೊಡನೆಯೂ ಸಂಪರ್ಕವಿರಿಸಿಕೊಳ್ಳಲಿಲ್ಲ. ಮೆಲ್ಲಮೆಲ್ಲನೆ ಚಿತ್ತ ತಿಳಿಯಾಯಿತು. ಆಕೆಯು ಜಗತ್ತು ನೆನೆಯುವಂತಹ ಕಾರ್ಯವನ್ನು ಮಾಡಿದುದು ಈ ರೋಗದ ನಂತರವೇ ಎಂಬುದನ್ನು ನಮ್ಮ ಓದುಗರು ಗಮನಿಸಬೇಕು.

ಅಷ್ಟರಲ್ಲಿ ಇನ್ನೊಂದು ಆಘಾತ ಕಾದಿತ್ತು. 1937ರ ನವೆಂಬರ್ 16ರಂದು ಮೂರನೆಯ ಮಗಳು ಸಿಸಿಲಿಯು ಗಂಡ, ಅತ್ತೆ ಮತ್ತು ಇಬ್ಬರು ಪುಟ್ಟ ಗಂಡುಮಕ್ಕಳೊಡನೆ ಮೈದುನನ ಮದುವೆಗಾಗಿ ಲಂಡನ್ನಿಗೆ ವಿಮಾನದಲ್ಲಿ ಹೊರಟಿದ್ದಳು. ಬೆಲ್ಜಿಯಮ್ಮಿನ ಆಸ್ಟೆಂಡ್ ಪಟ್ಟಣದ ಬಳಿ ಮಂಜು ಕವಿದು, ವಿಮಾನವು ಕಾರ್ಖಾನೆಯ ಹೊಗೆಗೊಳವೆಗೆ ಬಡಿದು ಉರುಳಿತು. ಒಬ್ಬರೂ ಬದುಕಲಿಲ್ಲ. ಸಿಸಿಲಿ ಆಗ ತುಂಬುಗರ್ಭಿಣಿ. ಮನೆಯಲ್ಲೇ ಬಿಟ್ಟುಬಂದಿದ್ದ ಒಂದು ವರ್ಷದ ಹೆಣ್ಣುಮಗುವೊಂದು ಉಳಿಯಿತು; ಎರಡು ವರ್ಷಗಳೊಳಗೆ ಅದೂ ರೋಗದಿಂದ ತೀರಿಕೊಂಡಿತು. ಡಾರ್ಮ್‌ಸ್ಟಾಟಿನಲ್ಲಿ ನಡೆದ ಶವಸಂಸ್ಕಾರದಲ್ಲಿ ಆಲಿಸ್ ಮತ್ತು ಆಂಡ್ರೂ ಆರು ವರ್ಷಗಳ ಬಳಿಕ ಒಬ್ಬರನ್ನೊಬ್ಬರು ಕಂಡರು. ಮೂವತ್ತನಾಲ್ಕು ವರ್ಷಗಳ ಹಿಂದೆ ಅದೇ ಊರಿನಲ್ಲಿ ಅವರ ವಿವಾಹವಾಗಿತ್ತು.

ದುಃಖವು ಆಕೆಯನ್ನು ಮತ್ತೆ ರೋಗಕ್ಕೆ ತಳ್ಳುವುದೆಂದು ಬಂಧುಗಳು ಅಂಜಿರಬಹುದು. ಹಾಗಾಗಲಿಲ್ಲ. ಆಕೆ ಕುಟುಂಬದವರೊಡನೆ ಮತ್ತೆ ಬೆರೆತಳು. 1938ರಲ್ಲಿ ಅಥೆನ್ಸಿಗೆ ಒಬ್ಬಳೇ ಹಿಂದಿರುಗಿ, ಪುಟ್ಟ ಮನೆಯೊಂದರಲ್ಲಿ ನೆಲಸಿ ಬಡವರ ಸೇವೆಗೆ ತೊಡಗಿದಳು. 1941ರಲ್ಲಿ ಜರ್ಮನ್ ಸೇನೆ ಗ್ರೀಸನ್ನು ಆಕ್ರಮಿಸಿತು. ರಾಜಕುಟುಂಬದವರಲ್ಲಿ ಬಹುತೇಕರು ದಕ್ಷಿಣ ಆಫ್ರಿಕಕ್ಕೆ ಹೊರಟುಹೋದರು. ಆಲಿಸ್ ಮಾತ್ರ ಅಥೆನ್ಸನ್ನು ಬಿಡಲಿಲ್ಲ. ಭಾವನೊಬ್ಬನು ತೆರವು ಮಾಡಿದ್ದ ಮನೆಗೆ ವಾಸವನ್ನು ಬದಲಿಸಿದಳು. ಆ ಚಳಿಗಾಲದಲ್ಲಿ ನಗರಕ್ಕೆ ಭೀಕರ ಕ್ಷಾಮ ಬಂದು ಜನರು ಬೀದಿಗಳಲ್ಲಿ ಹಸಿವಿನಿಂದ ಸತ್ತರು. ಆಕೆ ರೆಡ್‌ಕ್ರಾಸಿನೊಡನೆ ಸೇರಿ ಗಂಜಿಕೇಂದ್ರಗಳನ್ನು ನಡೆಸಿದಳು. ತಬ್ಬಲಿ ಮಕ್ಕಳಿಗೆ ಆಶ್ರಯಗಳನ್ನು ಏರ್ಪಡಿಸಿದಳು. ತಂಗಿಯನ್ನು ನೋಡುವ ನೆಪದಿಂದ ಸ್ವೀಡನ್ನಿಗೆ ವಿಮಾನದಲ್ಲಿ ಹೋಗಿ ಔಷಧಿಗಳನ್ನು ತಂದಳು. ಒಮ್ಮೆ ಜರ್ಮನ್ ಸೇನಾಧಿಪತಿಯೊಬ್ಬನು, ಆಕೆ ತಮ್ಮವಳೇ ಎಂದು ಬಗೆದು, ತನ್ನಿಂದೇನಾದರೂ ಉಪಕಾರವಾಗಬೇಕೇ ಎಂದು ವಿಚಾರಿಸಿದನಂತೆ. ಅವನ ಸೈನ್ಯವನ್ನು ತನ್ನ ದೇಶದಿಂದ ಹಿಂದಕ್ಕೆ ಕರೆದುಕೊಂಡರೆ ಸಾಕೆಂದು ಆಕೆ ಉತ್ತರಿಸಿದಳಂತೆ.

ಅವನು ಹಾಗೆ ಬಗೆದುದರಲ್ಲಿ ಆಶ್ಚರ್ಯವಿಲ್ಲ. ಉಳಿದ ಮೂವರು ಹೆಣ್ಣುಮಕ್ಕಳ ಗಂಡಂದಿರೂ ಜರ್ಮನಿಯ ಕಡೆಯವರು. ಕಿರಿಯ ಮಗಳು ಸೋಫಿಯ ಪತಿ ಕ್ರಿಸ್ಟಾಫನಂತೂ ಹಿಟ್ಲರನ ಎಸ್.ಎಸ್. ದಳದ ಅಧಿಕಾರಿ. ಇತ್ತ ಒಬ್ಬನೇ ಮಗ ಫಿಲಿಪ್ ಬ್ರಿಟಿಷ್ ನೌಕಾಪಡೆಯಲ್ಲಿ ಅದೇ ಜರ್ಮನಿಯ ವಿರುದ್ಧ ಹೋರಾಡುತ್ತಿದ್ದನು. ಯಾವ ಪಕ್ಷ ಗೆದ್ದರೂ ತನ್ನ ಮಕ್ಕಳಲ್ಲಿ ಯಾರಿಗೋ ಕೇಡು ತಪ್ಪಿದ್ದಲ್ಲ. ಯಾವ ವಾರ್ತೆ ಬಂದರೂ ಅದು ದುರ್ವಾರ್ತೆಯಾಗಿರಬಹುದು. ತಾಯಿಯಾದವಳ ಎದೆ ಆ ದಿನಗಳಲ್ಲಿ ಹೇಗೆ ತಡೆದುಕೊಂಡಿತೋ ಊಹಿಸುವುದು ಕಷ್ಟ.

1943ರ ಸೆಪ್ಟೆಂಬರಿನಲ್ಲಿ ಇಟಲಿ ಶರಣಾಗತವಾದ ಮೇಲೆ ಅಥೆನ್ಸ್ ಸಂಪೂರ್ಣವಾಗಿ ಜರ್ಮನರ ವಶವಾಯಿತು. ನಾಜಿಗಳು ಯೆಹೂದ್ಯ ಜನಾಂಗವನ್ನೇ ನಿರ್ಮೂಲ ಮಾಡಲು ಹೊರಟಿದ್ದ ಕಾಲ ಅದು. ಸೆಲೋನಿಕಾ ಪಟ್ಟಣವೊಂದರಿಂದಲೇ ಆ ವರ್ಷ 40,000ಕ್ಕೂ ಹೆಚ್ಚು ಯೆಹೂದ್ಯರನ್ನು ರೈಲುಗಳಲ್ಲಿ ತುಂಬಿ ಪೋಲೆಂಡಿನ ಮರಣಶಿಬಿರಗಳಿಗೆ ಕಳುಹಿಸಿದ್ದರು. ಈಗ ಅಥೆನ್ಸಿನವರ ಸರದಿ. ಅಲ್ಲಿಗೆ ಓಡಿಬಂದು ಅಡಗಿದ್ದವರಲ್ಲಿ ಕೋಹೆನ್ ಎಂಬ ಕುಟುಂಬವೂ ಒಂದು. ಯಜಮಾನ ಹೈಮಾಕಿ ಕೋಹೆನ್ ಹಿಂದೆ ಪಾರ್ಲಿಮೆಂಟಿನ ಸದಸ್ಯನಾಗಿದ್ದವನು. ಆಲಿಸಳ ಮಾವ ಒಂದನೆಯ ಜಾರ್ಜ್ ದೊರೆಗೆ ಒಮ್ಮೆ ಉಪಕಾರ ಮಾಡಿದ್ದವನು. ಅದಕ್ಕೆ ಪ್ರತಿಯಾಗಿ, ಅವನ ಕುಟುಂಬಕ್ಕೆ ಅಗತ್ಯ ಬಿದ್ದಾಗ ನೆರವಾಗುವುದಾಗಿ ದೊರೆ ಮಾತು ಕೊಟ್ಟಿದ್ದನು. ಈಗ ದೊರೆಯೂ ಇರಲಿಲ್ಲ, ಕೋಹೆನನೂ ತೀರಿಕೊಂಡಿದ್ದನು. ಅವನ ವಿಧವೆ ರೇಚಲ್ ಮಕ್ಕಳೊಡನೆ ದಿಕ್ಕುಗೆಟ್ಟಿದ್ದಳು. ಗಂಡುಮಕ್ಕಳು ಕಡಲು ದಾಟಿ ಈಜಿಪ್ಟಿಗೆ ಹೋಗುವ ಹವಣಿಕೆಯಲ್ಲಿದ್ದರು. ತಾಯಿಗೂ ಮಗಳು ಟಿಲ್ಡೆಗೂ ಆ ಪ್ರಯಾಣ ಅಸಾಧ್ಯವಾಗಿತ್ತು.

ಅವರ ಅವಸ್ಥೆಯನ್ನು ತಿಳಿದ ಆಲಿಸ್ ತನ್ನ ಮನೆಯ ಬಾಗಿಲನ್ನು ತೆರೆದಳು. 1943ರ ಅಕ್ಟೋಬರಿನಲ್ಲಿ ರೇಚಲ್ ಮತ್ತು ಟಿಲ್ಡೆ ಆ ಮನೆಯನ್ನು ಸೇರಿದರು. ಈಜಿಪ್ಟಿಗೆ ಹೋಗಲಾಗದೆ ಹಿಂದಿರುಗಿದ ಮಗ ಮಿಶೆಲನೂ ಬಳಿಕ ಅಲ್ಲಿಗೇ ಬಂದನು. ಅದೇ ಅಕ್ಟೋಬರಿನಲ್ಲಿಯೇ ಅಳಿಯ ಕ್ರಿಸ್ಟಾಫನು ಇಟಲಿಯಲ್ಲಿ ವಿಮಾನಾಪಘಾತದಿಂದ ಸತ್ತು, ಕಿರಿಯ ಮಗಳು ಚಿಕ್ಕ ಮಕ್ಕಳೊಡನೆ ವಿಧವೆಯಾದಳು. ಒಂದೇ ತಿಂಗಳಲ್ಲಿ ಈ ತಾಯಿಯು ಅತ್ತ ನಾಜಿ ಅಧಿಕಾರಿಯ ಹೆಂಡತಿಯಾಗಿದ್ದ ಮಗಳ ವೈಧವ್ಯಕ್ಕೆ ಮರುಗಿದಳು, ಇತ್ತ ನಾಜಿಗಳು ಬೇಟೆಯಾಡುತ್ತಿದ್ದ ವಿಧವೆಯನ್ನು ತನ್ನ ಸೂರಿನಡಿ ಬಚ್ಚಿಟ್ಟಳು. ಯೆಹೂದ್ಯರನ್ನು ಅಡಗಿಸಿದವರಿಗೆ ಮರಣದಂಡನೆ ಕಾದಿರುತ್ತಿತ್ತೆಂಬುದನ್ನು ಆಕೆ ಬಲ್ಲಳು. ಮಾವನು ಎಂದೋ ಕೊಟ್ಟ ಮಾತನ್ನು ನಡೆಸಬೇಕೆಂದು ಆಕೆಯನ್ನು ಕೇಳುವವರು ಯಾರೂ ಇರಲಿಲ್ಲ.

ಗೆಸ್ಟಪೊ ಎಂಬ ನಾಜಿ ಗುಪ್ತಪೊಲೀಸರಿಗೆ ಸಂಶಯ ಬಂದು ಆಕೆಯನ್ನು ಪ್ರಶ್ನಿಸಿದ್ದುಂಟು. ತುಟಿಗಳನ್ನು ನೋಡಿಯೇ ನಾಲ್ಕು ಭಾಷೆಗಳನ್ನು ಅರಿಯಬಲ್ಲ ಆ ವೃದ್ಧೆಯು ಅಂದು ಏನೂ ಕೇಳಿಸದ, ಏನೂ ಅರ್ಥವಾಗದ ಮುದುಕಿಯಂತೆ ಅವರ ಮುಂದೆ ಕುಳಿತಳು. ಎಷ್ಟು ಪ್ರಶ್ನಿಸಿದರೂ ಪ್ರಯೋಜನವಿಲ್ಲವೆಂದು ಅವರು ಬೇಸತ್ತು ಹೊರಟರು. ಬಾಲ್ಯದಲ್ಲಿ ಯಾವ ಊನಕ್ಕಾಗಿ ತಾಯಿ ಮರುಗಿದ್ದಳೋ, ಅದೇ ಊನವು ಮೂವರ ಪ್ರಾಣಕ್ಕೆ ರಕ್ಷೆಯಾಯಿತು. 1944ರ ಅಕ್ಟೋಬರಿನಲ್ಲಿ ಅಥೆನ್ಸಿಗೆ ಬಿಡುಗಡೆಯಾಗುವವರೆಗೆ, ಸುಮಾರು ಒಂದು ವರ್ಷ, ಕೋಹೆನ್ ಕುಟುಂಬದವರು ಆ ಮನೆಯಲ್ಲಿ ಸುರಕ್ಷಿತವಾಗಿದ್ದರು.

ಬಿಡುಗಡೆಯ ವೇಳೆಗೆ ಆಕೆಯ ಸ್ಥಿತಿ ಹೇಗಿತ್ತೆಂದರೆ, ತಿಂಗಳುಗಟ್ಟಲೆ ಮಾಂಸದ ಮುಖ ಕಂಡಿರಲಿಲ್ಲ. ಕೊನೆಯ ವಾರವನ್ನು ಬರಿಯ ರೊಟ್ಟಿ ಬೆಣ್ಣೆಯಲ್ಲಿ ಕಳೆದಿದ್ದಳು. ಡಿಸೆಂಬರಿನಲ್ಲಿ ನಗರದಲ್ಲಿ ಗ್ರೀಕರ ಒಳಜಗಳವು ಕಾದಾಟವಾಗಿ ಪರಿಣಮಿಸಿತು. ಆಕೆ ಕರ್ಫ್ಯೂವನ್ನೂ ಲೆಕ್ಕಿಸದೆ ಬೀದಿಗಳಲ್ಲಿ ನಡೆದು ಪೊಲೀಸರಿಗೂ ಮಕ್ಕಳಿಗೂ ಪಡಿತರವನ್ನು ಹಂಚಿದಳು. ಗುಂಡು ತಗಲೀತೆಂದು ಎಚ್ಚರಿಸಿದವರಿಗೆ, ಕೊಲ್ಲುವ ಗುಂಡಿನ ಸದ್ದು ಯಾರಿಗೂ ಕೇಳಿಸದೆಂದೂ, ತನಗಂತೂ ಹೇಗಿದ್ದರೂ ಕೇಳಿಸದೆಂದೂ ಹೇಳಿ ನಕ್ಕುಬಿಟ್ಟಳಂತೆ. ಅದೇ ತಿಂಗಳು ಪತಿ ಆಂಡ್ರೂ ಮಾಂಟೆಕಾರ್ಲೊದಲ್ಲಿ ನಿಧನನಾದನು. ಯುದ್ಧಾರಂಭದಿಂದ ಅವರು ಒಬ್ಬರನ್ನೊಬ್ಬರು ಕಂಡಿರಲಿಲ್ಲ.

1947ರ ನವೆಂಬರ್ 20ರಂದು ಫಿಲಿಪನು ಇಂಗ್ಲೆಂಡಿನ ಯುವರಾಣಿ ಎಲಿಜಬೆತ್ತಳನ್ನು ವರಿಸಿದನು. ಸೊಸೆಯ ನಿಶ್ಚಿತಾರ್ಥದ ಉಂಗುರಕ್ಕೆ ಬೇಕಾದ ವಜ್ರಗಳನ್ನು ಆಲಿಸ್ ತನ್ನ ಶಿರೋಭೂಷಣದಿಂದ ಬಿಡಿಸಿ ಕೊಟ್ಟಳು. ಜರ್ಮನರ ಮೇಲಿನ ದ್ವೇಷವು ಆರಿರಲಿಲ್ಲವಾದ್ದರಿಂದ ವರನ ಅಕ್ಕಂದಿರು ಮೂವರಿಗೂ ಮದುವೆಯ ಕರೆ ಹೋಗಲಿಲ್ಲ. ಸಂಭ್ರಮ ಮುಗಿದ ಮೇಲೆ ಆಕೆ ಲಂಡನ್ನಿನಲ್ಲಿ ನಿಲ್ಲದೆ ಗ್ರೀಸಿಗೆ ಮರಳಿ, 1949ರಲ್ಲಿ ಚಿಕ್ಕಮ್ಮನ ಮೇಲ್ಪಂಕ್ತಿಯಂತೆ ಮಾರ್ಥಾ ಮತ್ತು ಮೇರಿಯರ ಹೆಸರಿನ ಶುಶ್ರೂಷಕಿಯರ ಸಂಘವನ್ನು ಸ್ಥಾಪಿಸಿದಳು. ತಾನೂ ಸನ್ಯಾಸಿನಿಯ ಬೂದುಬಣ್ಣದ ಉಡುಪನ್ನು ಧರಿಸತೊಡಗಿದಳು. 1953ರಲ್ಲಿ ಸೊಸೆಯ ಪಟ್ಟಾಭಿಷೇಕವಾದಾಗ, ರತ್ನಾಭರಣಗಳಿಂದ ಝಗಝಗಿಸುತ್ತಿದ್ದ ಆ ಸಭೆಯಲ್ಲಿ ರಾಣಿಯ ಅತ್ತೆಯೊಬ್ಬಳೇ ಬೂದಿಬಣ್ಣದ ನಿಲುವಂಗಿಯಲ್ಲಿದ್ದಳು. ಸಂಘಕ್ಕಾಗಿ ಹಣ ಕೂಡಿಸಲು ಎರಡು ಬಾರಿ ಅಮೆರಿಕಕ್ಕೂ ಹೋಗಿಬಂದಳು. ಆದರೂ ಸೇರಬಯಸುವ ತರುಣಿಯರು ಸಾಕಷ್ಟು ದೊರೆಯದೆ ಸಂಘವು ಹೆಚ್ಚು ಕಾಲ ಬಾಳಲಿಲ್ಲ. ಸತ್ಕಾರ್ಯಗಳೆಲ್ಲ ಫಲಿಸಲೇಬೇಕೆಂಬ ನಿಯಮವಿಲ್ಲ.

1960ರಲ್ಲಿ ಆಕೆ ನಮ್ಮ ದೇಶಕ್ಕೂ ಬಂದಿದ್ದಳು. ಸ್ವತಂತ್ರ ಭಾರತದ ಮೊದಲ ಆರೋಗ್ಯಮಂತ್ರಿಣಿಯಾಗಿದ್ದ ರಾಜಕುಮಾರಿ ಅಮೃತ್ ಕೌರ್ ಅವರು ಆಕೆಯನ್ನು ಆಹ್ವಾನಿಸಿದ್ದರು. ಭಾರತದ ಧಾರ್ಮಿಕ ಚಿಂತನೆಯಲ್ಲಿ ಆಲಿಸಳಿಗಿದ್ದ ಆಸಕ್ತಿಯನ್ನು ಅವರು ಮೆಚ್ಚಿದ್ದರು. ಅರಮನೆಯಲ್ಲಿ ಹುಟ್ಟಿ ಸೇವಾವ್ರತವನ್ನು ಹಿಡಿದ ಇಬ್ಬರು ರಾಜಕುಮಾರಿಯರ ಆ ಭೇಟಿಯು ಬಹುದಿನ ನಡೆಯಲಿಲ್ಲ. ಅನಾರೋಗ್ಯದಿಂದ ಆಲಿಸ್ ಪ್ರವಾಸವನ್ನು ಮೊಟಕುಗೊಳಿಸಿ ಹಿಂದಿರುಗಬೇಕಾಯಿತು.

1967ರ ಏಪ್ರಿಲಿನಲ್ಲಿ ಗ್ರೀಸಿನ ಆಡಳಿತವನ್ನು ಸೇನಾಧಿಕಾರಿಗಳು ಕಸಿದುಕೊಂಡರು. ಎಂಬತ್ತೆರಡರ ವೃದ್ಧೆಯು ಮಗ ಮತ್ತು ಸೊಸೆಯರ ಆಹ್ವ��ನದಂತೆ ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯನ್ನು ಸೇರಿದಳು. ಸಂಸಾರ ಒಡೆದಾಗ ಒಂಬತ್ತು ವರ್ಷವೂ ತುಂಬದಿದ್ದ ಮಗನ ಮನೆಯಲ್ಲಿಯೇ ಆಕೆಯ ಕೊನೆಯ ದಿನಗಳು ಕಳೆದವು. 1969ರ ಡಿಸೆಂಬರ್ 5ರಂದು ಆಕೆ ಅಲ್ಲಿಯೇ ದೇಹವನ್ನು ಬಿಟ್ಟಳು. ಇದ್ದುದನ್ನೆಲ್ಲ ಮೊದಲೇ ದಾನ ಮಾಡಿದ್ದುದರಿಂದ ಆಕೆಯ ಹಿಂದೆ ಆಸ್ತಿಯೇನೂ ಉಳಿದಿರಲಿಲ್ಲ. ಜೆರೂಸಲೇಮಿನಲ್ಲಿ ಚಿಕ್ಕಮ್ಮ ಎಲಿಜಬೆತ್ತಳ ಸಮಾಧಿಯ ಸನಿಹದಲ್ಲಿ ತನಗೂ ವಿಶ್ರಾಂತಿ ದೊರೆಯಲೆಂಬುದು ಆಕೆಯ ಬಯಕೆ. ಅಷ್ಟು ದೂರ ಬಂದು ನೋಡುವುದು ಹೇಗೆಂದು ಮಗಳು ಆಕ್ಷೇಪಿಸಿದಾಗ, ಅಲ್ಲಿಗೆ ಒಳ್ಳೆಯ ಬಸ್ಸು ಸೌಕರ್ಯವಿದೆಯೆಂದು ವಿನೋದವಾಗಿ ಹೇಳಿದ್ದಳಂತೆ. ಮೊದಲು ವಿಂಡ್ಸರಿನಲ್ಲಿ ಇರಿಸಿದ್ದ ದೇಹವನ್ನು 1988ರ ಆಗಸ್ಟ್ 3ರಂದು ಆಕೆಯ ಇಚ್ಛೆಯಂತೆ ಜೆರೂಸಲೇಮಿಗೆ ಸಾಗಿಸಲಾಯಿತು.

ಯೆಹೂದ್ಯರ ಪ್ರಾಣವನ್ನು ಉಳಿಸಿದ ಅನ್ಯಧರ್ಮೀಯರನ್ನು ಗೌರವಿಸುವ ಯಾದ್ ವಾಶೆಮ್ ಎಂಬ ಸ್ಮಾರಕಸಂಸ್ಥೆಯು ಜೆರೂಸಲೇಮಿನಲ್ಲಿದೆ. ಅದು ಆಲಿಸಳನ್ನು ಅಂಥ ಧರ್ಮಾತ್ಮರ ಪಟ್ಟಿಯಲ್ಲಿ ಸೇರಿಸಿತು. 1994ರ ಅಕ್ಟೋಬರಿನಲ್ಲಿ ಫಿಲಿಪ್ ಮತ್ತು ಸೋಫಿ ಅಲ್ಲಿಗೆ ಹೋಗಿ ತಾಯಿಯ ಪರವಾಗಿ ಗೌರವವನ್ನು ಸ್ವೀಕರಿಸಿದರು. ಕೋಹೆನ್ ಕುಟುಂಬಕ್ಕೆ ಆಶ್ರಯವಿತ್ತ ಸಂಗತಿಯನ್ನು ತಾಯಿ ಯಾರಿಗೂ ಹೇಳಿದಂತೆ ತಮಗೆ ತಿಳಿಯದೆಂದು ಫಿಲಿಪನು ಅಂದು ತಿಳಿಸಿದನು. ಸಂಕಟದಲ್ಲಿದ್ದವರಿಗೆ ಮನುಷ್ಯರಾದವರು ಸಹಜವಾಗಿ ಮಾಡಬೇಕಾದುದನ್ನಷ್ಟೇ ಮಾಡಿದೆನೆಂದು ಆಕೆ ಭಾವಿಸಿದ್ದಿರಬೇಕೆಂಬುದು ಅವನ ಅಭಿಪ್ರಾಯವಾಗಿತ್ತು. ಆ ಫಿಲಿಪನೂ 2021ರಲ್ಲಿ ನೂರರ ಹೊಸ್ತಿಲಿನಲ್ಲಿ ಕಣ್ಮುಚ್ಚಿದನು.

ವಿದ್ಯಾರ್ಥಿಗಳೇ, ಆಲಿಸಳಿಗೆ ಹುಟ್ಟಿನಿಂದ ಬಂದ ಸಂಪತ್ತು, ಪದವಿ, ದೇಶ ಇವೆಲ್ಲವೂ ಒಂದೊಂದಾಗಿ ಕೈಬಿಟ್ಟುಹೋದವು. ಸ್ವಲ್ಪಕಾಲ ಆಕೆಯ ಮನಸ್ಸೂ ಆಕೆಯ ಕೈಯಲ್ಲಿರಲಿಲ್ಲ. ತಾಯಿಯ ಬಳಿ ಕುಳಿತು ಶ್ರಮದಿಂದ ಕಲಿತ ವಿದ್ಯೆಯೂ, ರೋಗಿಗಳ ಮಗ್ಗುಲಲ್ಲಿ ನಿಂತು ಬಲಿತ ದಯೆಯೂ ಮಾತ್ರ ಕೊನೆಯವರೆಗೆ ಉಳಿದವು. ದಿಕ್ಕಿಲ್ಲದ ವಿಧವೆಯೊಬ್ಬಳು ಆಶ್ರಯವಿಲ್ಲದೆ ನಿಂತಾಗ ಆಕೆಯ ಕೆಲಸಕ್ಕೆ ಬಂದುದು ಅವೆರಡೇ. ಅಂತಹ ಗಳಿಗೆ ನಮ್ಮ ಪಾಲಿಗೆ ಯಾವಾಗ, ಯಾವ ರೂಪದಲ್ಲಿ ಬರುವುದೋ ಯಾರು ಬಲ್ಲರು? ಬಂದಾಗ ಬಾಗಿಲು ತೆರೆಯುವ ಶಕ್ತಿ ನಮ್ಮ ಮಕ್ಕಳಿಗಿರಲಿ. ತೆರೆದೆವೆಂದು ಹೇಳಿಕೊಳ್ಳದ ವಿನಯವೂ ಇರಲಿ.